ಹಳೆಯ ಪಾಕದ ಅಭಿಷೇಕ ತೈಲವನ್ನು ಇಂದಿನ ಸಾರತೈಲಗಳಿಂದ ಮಾಡಬಹುದೇ?

ಅಂತರ್ದೀಪ (ಚರ್ಚೆಯನ್ನು ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಪ್ರತಿ ಸಂಜೆ ಒಂದು ಮೇಣದ ಬತ್ತಿಯನ್ನು ಹಚ್ಚಿಟ್ಟು, ಸಂಕಲ್ಪವೊಂದನ್ನು ಮನಸ್ಸಿನಲ್ಲಿ ಹಿಡಿದು, ಮೌನವಾಗಿ ಕುಳಿತುಕೊಳ್ಳುವುದು ನನ್ನ ಸಾಧನೆಯ ಕ್ರಮ. ಇಷ್ಟು ದಿನ ಸುಗಂಧವೆಂದರೆ ನನಗೆ ಧೂಪ ಮತ್ತು ಕೊಂಡು ತಂದ ತೈಲ ಮಾತ್ರವಾಗಿತ್ತು. ಕಳೆದ ತಿಂಗಳು ಅಬ್ರಮೆಲಿನ್ ತೈಲವನ್ನು, ಅಂದರೆ ಅಬ್ರಮೆಲಿನ್ ಎಂಬ ಹಳೆಯ ಮಾಂತ್ರಿಕ ಗ್ರಂಥದಲ್ಲಿ ಹೇಳಿದ ಅಭಿಷೇಕ ತೈಲವನ್ನು, ನನ್ನ ಕೈಯಿಂದಲೇ ತಯಾರಿಸಬೇಕೆಂಬ ಆಸೆ ಹುಟ್ಟಿತು. ದಾಲ್ಚಿನ್ನಿ, ರಕ್ತಬೋಳ, ದುಂಪರಾಸ್ಮೆ ಮತ್ತು ಆಲಿವ್ ಎಣ್ಣೆ ಸೇರಿದ ಪಾಕವೊಂದು ದೊರೆಯಿತು. ಚಕ್ಕೆ, ಬೇರು, ಅಂಟುಗಳನ್ನು ಹುಡುಕಿ ಕುಟ್ಟುವ ಬದಲು ಅವುಗಳ ಸಾರತೈಲಗಳನ್ನೇ (ಬಟ್ಟಿ ಇಳಿಸಿ ತೆಗೆದ ತೀಕ್ಷ್ಣ ಎಣ್ಣೆಗಳನ್ನೇ) ತಂದು, ಪಾಕದಲ್ಲಿದ್ದ ಪ್ರಮಾಣದಲ್ಲಿಯೇ ಬೆರೆಸಿದೆ.

ವಿಧಿಯ ಆರಂಭದಲ್ಲಿ ಹಣೆಗೂ ಎರಡು ಮಣಿಕಟ್ಟುಗಳಿಗೂ ಹಚ್ಚಿಕೊಂಡೆ. ಎರಡು ಮೂರು ನಿಮಿಷಗಳಲ್ಲಿ ಚರ್ಮ ಕೆಂಪಾಗಿ ಉರಿಯತೊಡಗಿತು. ಆ ಉರಿಯನ್ನು ಶುದ್ಧೀಕರಣದ ಲಕ್ಷಣವೆಂದು ಭಾವಿಸಿ, ಒರೆಸದೆ ಹಾಗೆಯೇ ಕುಳಿತೆ. ವಿಧಿ ಮುಗಿಯುವ ಹೊತ್ತಿಗೆ ಬಲ ಮಣಿಕಟ್ಟಿನಲ್ಲಿ ಎರಡು ಬೊಬ್ಬೆಗಳು ಎದ್ದಿದ್ದವು. ನೀರಿನಿಂದ ತೊಳೆದರೂ ಉರಿ ಇಳಿಯಲಿಲ್ಲ. ಈಗ ಗಾಯ ಮಾಗಿದೆ, ಕಲೆ ಉಳಿದಿದೆ.

ನನ್ನ ಪ್ರಶ್ನೆಗಳು ಎರಡು. ತಪ್ಪು ನನ್ನ ಕೈಯದೋ, ಪಾಕದ್ದೋ? ತೈಲವನ್ನು ತೆಳುಮಾಡಿದರೆ ಅದರ ಶಕ್ತಿಯೂ ತೆಳುವಾಗುತ್ತದೆಯೇ? ನನ್ನ ಸಾಧನಾ ಬಳಗದ ಹಿರಿಯರೊಬ್ಬರು ತೆಳುಮಾಡಿದ ತೈಲದಲ್ಲಿ ಜೀವವಿರುವುದಿಲ್ಲವೆಂದು ಹೇಳಿದ್ದಾರೆ. ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ.

ತಿಳಿಗೊಳ

ಅಂತರ್ದೀಪ ಅವರೇ, ನಾನು ಚರ್ಮರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿದವಳು. ಮನೆಯಲ್ಲಿ ನಿತ್ಯ ಧ್ಯಾನ ಮಾಡುವವಳೂ ಹೌದು. ಮೊದಲು ತುರ್ತಿನ ಮಾತು ಹೇಳುತ್ತೇನೆ. ಸಾರತೈಲ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಬರಿಯ ನೀರಿನಿಂದ ಪ್ರಯೋಜನ ಕಡಿಮೆ. ಇನ್ನೊಮ್ಮೆ ಹೀಗಾದರೆ ಸಾದಾ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆದು, ಬಳಿಕ ಸೋಪು ಹಚ್ಚಿ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು.

ಎರಡನೆಯ ಮಾತು ಇದಕ್ಕಿಂತ ಮುಖ್ಯವಾದದ್ದು. ದಾಲ್ಚಿನ್ನಿಯ ಸಾರತೈಲದಲ್ಲಿ ಸಿನಮಾಲ್ಡಿಹೈಡ್ ಎಂಬ ವಸ್ತುವೇ ಹೆಚ್ಚಿನ ಪಾಲು. ಅದು ಚರ್ಮವನ್ನು ಸುಡುವುದಷ್ಟೇ ಅಲ್ಲ, ಅಲರ್ಜಿಯನ್ನೂ ಹುಟ್ಟಿಸಬಲ್ಲದು. ದೇಹವು ಒಮ್ಮೆ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡರೆ, ಮುಂದೆ ದಾಲ್ಚಿನ್ನಿಯ ಪರಿಮಳವಿರುವ ಹಲ್ಲಿನ ಪೇಸ್ಟು ಕೂಡ ತುಟಿ ಊದಿಸಬಹುದು, ಮತ್ತು ಆ ಗುರುತು ಸಾಮಾನ್ಯವಾಗಿ ಜೀವನಪೂರ್ತಿ ಅಳಿಯುವುದಿಲ್ಲ. ಆದ್ದರಿಂದ ಚರ್ಮತಜ್ಞರಿಗೆ ಒಮ್ಮೆ ತೋರಿಸಿ ಪರೀಕ್ಷೆ ಮಾಡಿಸಿಕೊಳ್ಳುವವರೆಗೂ ಆ ತೈಲವನ್ನು ಮುಟ್ಟಬೇಡಿ.

ಉರಿಯನ್ನು ಸಹಿಸಿ ಕುಳಿತ ನಿಮ್ಮ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ನೋವು ದೇಹದ ಎಚ್ಚರಿಕೆಯ ಮಾತು. ಸಾಧನೆಯಲ್ಲಿ ಎಷ್ಟೋ ಸೂಕ್ಷ್ಮಗಳಿಗೆ ಕಿವಿಗೊಡುವ ನಾವು ಇಷ್ಟು ಸ್ಪಷ್ಟವಾದ ಮಾತಿಗೆ ಕಿವುಡರಾಗುವುದು ನನಗೆ ಸರಿಯೆನಿಸುವುದಿಲ್ಲ.

ಬೇರುಚಕ್ಕೆ

ಹದಿನೈದು ವರ್ಷಗಳಿಂದ ಸಾಧಕರಿಗಾಗಿ ತೈಲಗಳನ್ನು ಬೆರೆಸುತ್ತ ಬಂದಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಪಾಕವೂ ತಪ್ಪಲ್ಲ, ನಿಮ್ಮ ಅಳತೆಯೂ ತಪ್ಪಲ್ಲ. ಚಕ್ಕೆಗೆಂದು ಹೇಳಿದ ಅಳತೆಯನ್ನು ಸಾರತೈಲಕ್ಕೆ ಹೊಂದಿಸಿದ್ದೇ ತಪ್ಪು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ, ಏಕೆಂದರೆ ಹಳೆಯ ಪಾಕಗಳನ್ನು ಕೈಗೆತ್ತಿಕೊಳ್ಳುವ ಬಹುಮಂದಿ ಎಡವುವುದು ಇಲ್ಲಿಯೇ.

ನೂರು ಗ್ರಾಂ ದಾಲ್ಚಿನ್ನಿ ಚಕ್ಕೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ದೊರೆಯುವ ಸಾರತೈಲ ಸುಮಾರು ಒಂದೆರಡು ಗ್ರಾಂ ಮಾತ್ರ. ಅಂದರೆ ಒಂದು ಚಮಚ ಚಕ್ಕೆಪುಡಿ ಎಂದಿರುವಲ್ಲಿ ಒಂದು ಚಮಚ ಸಾರತೈಲವನ್ನು ಸುರಿದರೆ, ಪಾಕ ಬರೆದವರು ಊಹಿಸಿಯೂ ಇರದ ತೀಕ್ಷ್ಣತೆ, ಐವತ್ತರಿಂದ ನೂರು ಪಟ್ಟು ಹೆಚ್ಚಿನ ತೀಕ್ಷ್ಣತೆ, ಆ ಬಾಟಲಿಯೊಳಗೆ ಸೇರುತ್ತದೆ. ಪ್ರಾಚೀನರ ಅಭಿಷೇಕ ತೈಲಗಳು ಬಟ್ಟಿ ಇಳಿಸಿದವುಗಳಲ್ಲ. ಪರಿಮಳದ ಚಕ್ಕೆ, ಬೇರು, ಹೂಗಳನ್ನು ಎಣ್ಣೆಯಲ್ಲೋ ಕೊಬ್ಬಿನಲ್ಲೋ ದಿನಗಟ್ಟಲೆ ನೆನೆಸಿ, ಹದವಾಗಿ ಬಿಸಿಮಾಡಿ, ಸೋಸಿ ತೆಗೆದವು. ಅಂತಹ ಎಣ್ಣೆಯ ಪರಿಮಳ ಮೃದುವಾಗಿರುತ್ತದೆ, ಹತ್ತಿರ ಹೋದರಷ್ಟೇ ತಿಳಿಯುತ್ತದೆ.

ಇನ್ನು ಅಂಕಿಗಳಿಗೆ ಬರೋಣ. ಮೈಗೆ ಹಚ್ಚುವ ಮಿಶ್ರಣದಲ್ಲಿ ಸೌಮ್ಯವಾದ ಸಾರತೈಲಗಳ ಪ್ರಮಾಣ ಸಾಮಾನ್ಯವಾಗಿ 2 ಪ್ರತಿಶತದ ಆಸುಪಾಸಿನಲ್ಲಿರುತ್ತದೆ. 20 ಹನಿಗಳಿಗೆ 1 ಮಿಲಿಲೀಟರ್ ಎಂದು ಲೆಕ್ಕ ಹಿಡಿದರೆ, 30 ಮಿಲಿಲೀಟರ್ ಆಧಾರ ಎಣ್ಣೆಗೆ 12 ಹನಿಗಳು. ದಾಲ್ಚಿನ್ನಿ ಚಕ್ಕೆಯ ತೈಲಕ್ಕೆ ಈ ಲೆಕ್ಕ ಸಲ್ಲುವುದಿಲ್ಲ. ಅದರ ಮಿತಿಯನ್ನು ಸುರಕ್ಷತೆಯ ಕೈಪಿಡಿಗಳು 0.07 ಪ್ರತಿಶತವೆಂದು ಹೇಳುತ್ತವೆ. ಅದೇ 30 ಮಿಲಿಲೀಟರಿಗೆ ಅರ್ಧ ಹನಿಯೂ ಬೇಡ.

ನೀವು ನಿಜವಾಗಿ ಹಳೆಯ ಕ್ರಮಕ್ಕೆ ನಿಷ್ಠರಾಗಿರಲು ಬಯಸಿದರೆ ಸಾರತೈಲಗಳನ್ನು ಬದಿಗಿಟ್ಟು ಚಕ್ಕೆ, ಬೇರುಗಳಿಗೇ ಹಿಂದಿರುಗಿ. ಎಲ್ಲವೂ ಚೆನ್ನಾಗಿ ಒಣಗಿರಬೇಕು, ತೇವದ ಅಂಶ ಉಳಿದರೆ ಎಣ್ಣೆ ಕೆಡುತ್ತದೆ. ತರಿತರಿಯಾಗಿ ಕುಟ್ಟಿ, ಗಾಜಿನ ಪಾತ್ರೆಯಲ್ಲಿ ಎಣ್ಣೆಯೊಂದಿಗೆ ಬೆರೆಸಿ, ಆ ಪಾತ್ರೆಯನ್ನು ಬಿಸಿನೀರಿನಲ್ಲಿ ಇರಿಸಿ ದಿನಕ್ಕೆ ಒಂದೆರಡು ಗಂಟೆ ಕುದಿಯದಂತೆ ಕಾಯಿಸಿ. ಒಂದು ವಾರ ಹೀಗೆ ಮಾಡಿ ಬಟ್ಟೆಯಲ್ಲಿ ಸೋಸಿ. ರಕ್ತಬೋಳ ಪೂರ್ತಿಯಾಗಿ ಕರಗಲಿಲ್ಲವೆಂದು ಗಾಬರಿಯಾಗಬೇಡಿ. ಅದರಲ್ಲಿರುವ ಗೋಂದು ನೀರಿಗೆ ಒಲಿಯುತ್ತದೆಯೇ ಹೊರತು ಎಣ್ಣೆಗಲ್ಲ, ಹಾಗಾಗಿ ಅದು ತಳದಲ್ಲಿ ಉಳಿಯುತ್ತದೆ. ಆ ಶೇಷವನ್ನು ಒಣಗಿಸಿ ಧೂಪಕ್ಕೆ ಬಳಸಬಹುದು. ಆದರೆ ತಿಳಿಗೊಳ ಅವರು ಹೇಳಿದ ಪರೀಕ್ಷೆ ಮುಗಿಯುವ ತನಕ ನೆನೆಸಿದ ಎಣ್ಣೆಯನ್ನೂ ಮೈಗೆ ಹಚ್ಚಬೇಡಿ, ಏಕೆಂದರೆ ಅಲರ್ಜಿ ಹುಟ್ಟಿದ್ದರೆ ಅತ್ಯಲ್ಪ ಪ್ರಮಾಣವೂ ಸಾಕಾಗುತ್ತದೆ.

ಇರುಳುಹಾದಿ

ಬೇರುಚಕ್ಕೆ ಅವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಒಂದು ಆಕ್ಷೇಪವಿದೆ. ವಿಧಿಬದ್ಧ ಮಾಂತ್ರಿಕ ಸಾಧನೆಯ ಪರಂಪರೆಯಲ್ಲಿ ಈ ತೈಲದ ಉರಿ ಆಕಸ್ಮಿಕವೆಂದು ಎಲ್ಲರೂ ಭಾವಿಸಿಲ್ಲ. ಇಂಗ್ಲೆಂಡಿನ ಮಾಂತ್ರಿಕ ಅಲೀಸ್ಟರ್ ಕ್ರೌಲಿ ಇದನ್ನು ಸಾರತೈಲಗಳಿಂದಲೇ ತಯಾರಿಸುವ ಕ್ರಮವನ್ನು ರೂಢಿಗೆ ತಂದರು, ಮತ್ತು ಅವರ ಅಳತೆಯಲ್ಲಿ ದಾಲ್ಚಿನ್ನಿ ತೈಲದ ಪಾಲು ಒಟ್ಟು ಮಿಶ್ರಣದ ಮೂರನೆಯ ಒಂದಕ್ಕಿಂತ ಹೆಚ್ಚು. ಆ ದಾರಿಯಲ್ಲಿ ನಡೆದವರಿಗೆ ಈ ತೈಲವು ಸಾಧಕನ ಹಂಬಲದ ಕುರುಹು. ಹಣೆಯ ಮೇಲಿನ ಕಾವು ಆ ಹಂಬಲವನ್ನು ಮರೆಯಗೊಡುವುದಿಲ್ಲ. ನಾನೂ ಹಲವು ವರ್ಷ ಒಂದು ಸೂಜಿಮೊನೆಯಷ್ಟು ಹಚ್ಚಿಕೊಂಡು ವಿಧಿಗೆ ಕುಳಿತಿದ್ದೇನೆ. ಆ ಕಾವಿಲ್ಲದ ತೈಲ ನನಗೆ ಬೇರೆಯದೇ ವಸ್ತುವೆನಿಸುತ್ತದೆ.

ಇದನ್ನು ಅಂತರ್ದೀಪ ಅವರಿಗೆ ಶಿಫಾರಸು ಮಾಡುತ್ತಿಲ್ಲ. ತೀಕ್ಷ್ಣತೆಯನ್ನೆಲ್ಲ ಅಜ್ಞಾನವೆಂದು ತಳ್ಳಿಹಾಕಬಾರದೆಂಬುದಷ್ಟೇ ನನ್ನ ಕೋರಿಕೆ. ಮೇಣದ ಬತ್ತಿಗೋ, ಲೋಹದ ಉಪಕರಣಕ್ಕೋ ಲೇಪಿಸುವವರು ಚರ್ಮದ ಪ್ರಶ್ನೆಯಿಲ್ಲದೆ ತೀಕ್ಷ್ಣ ತೈಲವನ್ನು ಇಟ್ಟುಕೊಳ್ಳಬಹುದಲ್ಲವೇ?

ಶಿಲಾಲೇಖ

ಇಲ್ಲಿ ಇತಿಹಾಸದ ಒಂದೆರಡು ಸಂಗತಿಗಳನ್ನು ಸೇರಿಸಲು ಅನುಮತಿ ಕೊಡಿ, ಏಕೆಂದರೆ ಶಕ್ತಿ ಎಲ್ಲಿದೆ ಎಂಬ ಪ್ರಶ್ನೆಗೆ ಹಳೆಯ ಗ್ರಂಥಗಳು ಕೊಡುವ ಉತ್ತರ ತೀಕ್ಷ್ಣತೆಯದಲ್ಲ.

ಅಬ್ರಮೆಲಿನ್ ಪಾಕದ ಮೂಲ ಬೈಬಲಿನ ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿದೆ. ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250, ಬಜೆ 250, ಕ್ಯಾಸಿಯಾ ಚಕ್ಕೆ 500, ಮತ್ತು ಒಂದು ಹಿನ್ ಆಲಿವ್ ಎಣ್ಣೆ (ಶೆಕೆಲ್ ಅಂದಿನ ತೂಕದ ಅಳತೆ, ಹಿನ್ ದ್ರವದ ಅಳತೆ). ದುಂಪರಾಸ್ಮೆಯ ಹೆಸರು ಅಲ್ಲಿಲ್ಲ. ಅಬ್ರಮೆಲಿನ್ ಗ್ರಂಥವನ್ನು ಬ್ರಿಟಿಷ್ ಮಾಂತ್ರಿಕ ಮ್ಯಾಥರ್ಸ್ ಅವರು ಇಂಗ್ಲಿಷಿಗೆ ತಂದದ್ದು ಒಂದು ಫ್ರೆಂಚ್ ಹಸ್ತಪ್ರತಿಯಿಂದ. ಆ ಅನುವಾದದಲ್ಲಿ ದುಂಪರಾಸ್ಮೆ ಇದ್ದ ಜಾಗದಲ್ಲಿ ಜರ್ಮನ್ ಪಾಠಗಳಲ್ಲಿ ಬಜೆಯೇ ಇದೆ. ಅಂದರೆ ನಾವು ಪವಿತ್ರವೆಂದು ಅಕ್ಷರಶಃ ಪಾಲಿಸುವ ಪಾಕವೇ ನಡುದಾರಿಯಲ್ಲಿ ಒಂದು ಬೇರನ್ನು ಬದಲಾಯಿಸಿಕೊಂಡಿದೆ, ಮತ್ತು ತಲೆಮಾರುಗಳ ಸಾಧಕರು ಆ ಬದಲಾದ ತೈಲದಿಂದಲೇ ಸಾಧನೆ ಮಾಡಿದ್ದಾರೆ.

ಆ ಅಧ್ಯಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪದಾರ್ಥಗಳಲ್ಲ, ಅವುಗಳ ಬೆನ್ನಿಗೆ ಬರುವ ನಿಷೇಧ. ಆ ತೈಲವನ್ನು ಸಾಮಾನ್ಯರ ಮೈಮೇಲೆ ಸುರಿಯಬಾರದು, ಅದರಂತಹ ಇನ್ನೊಂದನ್ನು ಯಾರೂ ಮಾಡಬಾರದು. ಪದಾರ್ಥಗಳೆಲ್ಲ ಅಂದಿನ ವ್ಯಾಪಾರದಲ್ಲಿ ದೊರೆಯುತ್ತಿದ್ದವುಗಳೇ. ಅವು ಪವಿತ್ರವಾದದ್ದು ಬೇರಾವ ಬಳಕೆಗೂ ಸಲ್ಲದಂತೆ ಪ್ರತ್ಯೇಕಿಸಿ ಇಟ್ಟದ್ದರಿಂದ.

ಈಜಿಪ್ಟಿನ ಎಡ್ಫು ದೇವಾಲಯದಲ್ಲಿ ಒಂದು ಸಣ್ಣ ಕೋಣೆಯ ಗೋಡೆಗಳ ತುಂಬ ಲೇಪನ ತೈಲಗಳ ಮತ್ತು ಧೂಪಗಳ ಪಾಕಗಳನ್ನು ಕೆತ್ತಿದ್ದಾರೆ. ಕೈಫಿ ಎಂಬ ಪ್ರಸಿದ್ಧ ಧೂಪದ ಪಾಕವೂ ಅಲ್ಲಿದೆ. ಕೈಫಿಯಲ್ಲಿ 16 ಪದಾರ್ಥಗಳಿದ್ದುವೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ, ಮತ್ತು ಅವುಗಳನ್ನು ಬೆರೆಸುವಾಗ ಪವಿತ್ರ ಬರಹಗಳನ್ನು ಓದಿ ಹೇಳುತ್ತಿದ್ದರೆಂದೂ ತಿಳಿಸಿದ್ದಾನೆ. ಬೆರೆಸುವ ಕೆಲಸವೇ ಅಲ್ಲಿ ವಿಧಿಯಾಗಿತ್ತು. ಇದಕ್ಕೆ ಪೂರಕವಾಗಿ ಇನ್ನೊಂದು ಬಗೆಯ ಮನಸ್ಸನ್ನೂ ನೆನೆಯಬೇಕು: 6ನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣದಲ್ಲಿ 16 ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಬಗೆಗಳಾಗುತ್ತವೆಂದು ಎಣಿಸಿಟ್ಟ. ಗಂಧವನ್ನು ಪೂಜ್ಯವೆಂದು ಕಂಡವರಿಗೆ ಅಳತೆ, ಲೆಕ್ಕಗಳು ಅನ್ಯವಾಗಿರಲಿಲ್ಲ. ಬೇರುಚಕ್ಕೆ ಅವರ ಹನಿಲೆಕ್ಕವನ್ನು ನಾನು ಅದೇ ಸಾಲಿನಲ್ಲಿ ಕಾಣುತ್ತೇನೆ.

ಅಂತರ್ದೀಪ

ಎಲ್ಲರಿಗೂ ಕೃತಜ್ಞತೆಗಳು. ಶಿಲಾಲೇಖ ಅವರ ಮಾತು ಓದಿದ ಮೇಲೆ ಇನ್ನೊಂದು ಸಂದೇಹ ಮೇಲೆದ್ದಿದೆ. ಪ್ರತ್ಯೇಕಿಸಿ ಇಡುವುದರಲ್ಲಿಯೇ ಪಾವಿತ್ರ್ಯವಿದ್ದರೆ, ಕಾರ್ಖಾನೆಯಲ್ಲಿ ತಯಾರಾದ ಕೃತಕ ಸುಗಂಧವನ್ನೂ ಹಾಗೆ ಪ್ರತ್ಯೇಕಿಸಿ ಇಡಬಹುದೇ? ನನ್ನ ಬಳಿ ಕಮಲದ ತೈಲವೆಂಬ ಒಂದು ಸೀಸೆಯಿದೆ. ಅದು ಅಪ್ಪಟವಲ್ಲವೆಂದು ಗೊತ್ತಾದಾಗ, ಒಂದು ವರ್ಷ ಅದನ್ನು ಹಚ್ಚಿ ಮಾಡಿದ ಸಾಧನೆಯೆಲ್ಲ ವ್ಯರ್ಥವಾಯಿತೇನೋ ಎಂದು ತುಂಬ ನೊಂದುಕೊಂಡಿದ್ದೆ.

ಬೇರುಚಕ್ಕೆ

ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಆದರೆ ಸೀಸೆಯ ಮೇಲಿನ ಹೆಸರು ನಿಮಗೆ ಸುಳ್ಳು ಹೇಳಿತು, ಆ ನೋವು ನ್ಯಾಯವಾದದ್ದೇ. ಕೆಲವು ಹೂಗಳ ಪರಿಮಳವನ್ನು ಬಟ್ಟಿ ಇಳಿಸಿ ಪಡೆಯಲು ಆಗುವುದೇ ಇಲ್ಲ. ಲಿಲಿ ಆಫ್ ದ ವ್ಯಾಲಿ, ಲೈಲಾಕ್ ಹೂಗಳ ಹೆಸರಿನಲ್ಲಿ ಸಿಗುವ ಪರಿಮಳಗಳೆಲ್ಲ ಹೆಚ್ಚೂಕಡಿಮೆ ಕೃತಕವೇ. ಕಮಲದ ನಿಜವಾದ ಸಾರವನ್ನು ದ್ರಾವಕಗಳಿಂದ ತೆಗೆಯುವುದುಂಟು, ಅದು ತುಂಬ ವಿರಳ. ಗುಲಾಬಿಯಲ್ಲಿ 1 ಕಿಲೋಗ್ರಾಂ ತೈಲಕ್ಕೆ ಸುಮಾರು 3000ದಿಂದ 5000 ಕಿಲೋಗ್ರಾಂ ಹೂಗಳು ಬೇಕಾಗುತ್ತವೆಂಬುದನ್ನು ನೆನೆದರೆ, ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತ ಸೀಸೆಗಳೆಲ್ಲ ಅಪ್ಪಟವಾಗಿರಲು ಸಾಧ್ಯವೇ ಎಂದು ಯಾರಿಗಾದರೂ ಅನ್ನಿಸಬೇಕು.

ಇನ್ನೊಂದು ಮಗ್ಗುಲಿದೆ, ಅದು ನನ್ನ ನಿದ್ದೆ ಕೆಡಿಸುವಂಥದ್ದು. ಅಪ್ಪಟವೇ ಬೇಕೆಂಬ ನಮ್ಮ ಹಟದ ಭಾರವನ್ನು ಹೊರುವುದು ಗಿಡಮರಗಳು. ಜಟಾಮಾಂಸಿ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಸಣ್ಣ ಗಿಡ. ತೈಲ ದೊರೆಯುವುದು ಬೇರುಕಾಂಡದಿಂದಾದ್ದರಿಂದ ಗಿಡವನ್ನೇ ಕಿತ್ತು ತೆಗೆಯುತ್ತಾರೆ. ಅದೂ ಅಗರು ಮರವೂ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಶ್ರೀಗಂಧವೂ ಅಪಾಯದ ಅಂಚಿನ ಪಟ್ಟಿಯಲ್ಲಿದೆ. ಕಸ್ತೂರಿಯ ಮಾತಂತೂ ಬೇಡ, ಅದಕ್ಕಾಗಿ ಮೃಗವೇ ಸಾಯಬೇಕಾಗಿತ್ತು. ಕರುಣೆಯನ್ನು ಧ್ಯಾನಿಸುವವರ ಹಣೆಯ ಮೇಲೆ ಹತ್ಯೆಯ ಗಂಧಕ್ಕಿಂತ ಪ್ರಯೋಗಶಾಲೆಯ ಕಸ್ತೂರಿಯೇ ಮೇಲೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕೃತಕವಾದದ್ದನ್ನು ಕೃತಕವೆಂದು ತಿಳಿದೇ ಆರಿಸಿಕೊಳ್ಳಿ. ಹಾಗೆ ತಿಳಿದು ಮಾಡಿದ ಸಂಕಲ್ಪದಲ್ಲಿ ಸುಳ್ಳಿರುವುದಿಲ್ಲ.

ಆದರೂ ಸಸ್ಯಕ್ಕೂ ತನ್ನದೇ ಒಂದು ಗುಣವಿದೆಯೆಂಬುದನ್ನು ನಾನು ಬಿಟ್ಟುಕೊಡಲಾರೆ. ಲಾವಂಚದ ಬೇರಿನ ತೈಲದಲ್ಲಿ ನೂರಕ್ಕೂ ಹೆಚ್ಚು ಘಟಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬೆಳಿಗ್ಗೆ ಹಚ್ಚಿದರೆ ಸಂಜೆಯ ಹೊತ್ತಿಗೆ ಅದು ಬೇರೆಯದೇ ಮಾತು ಆಡುತ್ತಿರುತ್ತದೆ. ಮಣ್ಣಿಗೆ, ಸ್ಥಿರತೆಗೆ ಸಂಬಂಧಿಸಿದ ಸಾಧನೆಗೆ ನಾನು ಅದನ್ನಲ್ಲದೆ ಬೇರೊಂದನ್ನು ಕೊಡುವುದಿಲ್ಲ.

ತಿಳಿಗೊಳ

ಅಂತರ್ದೀಪ ಅವರ ಒಂದು ವರ್ಷದ ಸಾಧನೆಯ ಬಗ್ಗೆ ನಾನೂ ಒಂದು ಮಾತು ಹೇಳಬೇಕು. ಕಣ್ಣು, ಕಿವಿಗಳ ಸುದ್ದಿ ಮಿದುಳಿನ ಥಾಲಮಸ್ ಎಂಬ ನಿಲ್ದಾಣದ ಮೂಲಕ ಹಾದು ಹೋಗುತ್ತದೆ. ವಾಸನೆಯ ಸುದ್ದಿಯಾದರೋ ಆ ನಿಲ್ದಾಣವನ್ನು ಕಾಯದೆ, ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಅಮಿಗ್ಡಲ, ಹಿಪ್ಪೊಕ್ಯಾಂಪಸ್ ಭಾಗಗಳನ್ನು ಬಹು ಬೇಗ ತಲಪುತ್ತದೆ. ಒಂದೇ ಪರಿಮಳವನ್ನು ಒಂದೇ ಸಾಧನೆಗೆ ವರ್ಷಗಟ್ಟಲೆ ಮೀಸಲಿಟ್ಟವರಿಗೆ ಸೀಸೆಯ ಮುಚ್ಚಳ ತೆರೆದೊಡನೆ ಉಸಿರು ನಿಧಾನವಾಗುವುದು ಇದರಿಂದಲೇ ಎಂದು ನಾನು ತಿಳಿದಿದ್ದೇನೆ. ಆ ಕಮಲದ ತೈಲ ಹೂವಿನಿಂದ ಬಂದದ್ದಲ್ಲದಿರಬಹುದು. ಅದರೊಂದಿಗೆ ನೀವು ಕಟ್ಟಿಕೊಂಡ ಒಂದು ವರ್ಷದ ಮೌನ ನಿಮ್ಮದೇ.

ಮೂಗು ಬೇಗ ಒಗ್ಗಿಹೋಗುತ್ತದೆ ಎಂಬುದನ್ನೂ ಮರೆಯಬಾರದು. ಹತ್ತು ಹದಿನೈದು ನಿಮಿಷಗಳ ಬಳಿಕ ವಾಸನೆ ತಿಳಿಯದಾದಾಗ ಸಾಧಕರು ಶಕ್ತಿ ಇಳಿಯಿತೆಂದುಕೊಂಡು ಇನ್ನಷ್ಟು ಹಚ್ಚುತ್ತಾರೆ. ಗಾಳಿಯಲ್ಲಿ ಪರಿಮಳ ಹಾಗೆಯೇ ಇರುತ್ತದೆ. ಕೋಣೆಯಲ್ಲಿ ಬೆಕ್ಕು ಇದ್ದರಂತೂ ಬಹಳ ಎಚ್ಚರ ಬೇಕು, ಏಕೆಂದರೆ ಇಂತಹ ಅನೇಕ ಘಟಕಗಳನ್ನು ವಿಲೇವಾರಿ ಮಾಡುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಕಡಿಮೆ. ಸೀಸೆಗಳನ್ನು ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿ ಇಡಿ. ವಿಂಟರ್‌ಗ್ರೀನ್ ತೈಲದ ಒಂದೇ ಒಂದು ಚಮಚದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ. ಮಗುವೊಂದರ ಪ್ರಾಣಕ್ಕೆ ಅಷ್ಟು ಸಾಕು. ಬರ್ಗಮಾಟ್‌ನಂತಹ ಕೆಲವು ಸಿಟ್ರಸ್ ತೈಲಗಳನ್ನು ಹಚ್ಚಿ ಬಿಸಿಲಿಗೆ ಹೋದರೂ ಚರ್ಮ ಸುಡುತ್ತದೆ. ಸೂರ್ಯನ ಆರಾಧನೆಗೆಂದು ಈ ತೈಲಗಳನ್ನು ಆರಿಸಿಕೊಳ್ಳುವವರು ಇದನ್ನು ಅವಶ್ಯ ತಿಳಿದಿರಬೇಕು.

ಇರುಳುಹಾದಿ

ತಿಳಿಗೊಳ ಅವರ ಮಾತು ನನ್ನ ಅನುಭವಕ್ಕೆ ಹತ್ತಿರವಾಗಿದೆ, ಹಾಗಾಗಿ ನನ್ನ ಹಿಂದಿನ ನಿಲುವನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಮೂರು ವರ್ಷಗಳ ಹಿಂದೆ ದೀರ್ಘ ಅನಾರೋಗ್ಯದ ಕಾಲದಲ್ಲಿ ತೀಕ್ಷ್ಣ ತೈಲವನ್ನು ತಡೆದುಕೊಳ್ಳಲಾಗದೆ, ಅದನ್ನು ಮುಚ್ಚಳ ತೆರೆದು ಪಕ್ಕದಲ್ಲಿಟ್ಟುಕೊಂಡು ಮಾತ್ರ ಕುಳಿತಿದ್ದೆ. ಒಂದು ಹನಿಯೂ ಮೈಗೆ ತಾಗಿರಲಿಲ್ಲ. ಆ ದಿನಗಳ ವಿಧಿಗಳು ಬಡವಾಗಿದ್ದುವೆಂದು ನಾನು ಹೇಳಲಾರೆ. ಹಣೆಯ ಮೇಲೆ ಕಾವು ಸಹ ಬಂದಂತಾಗುತ್ತಿತ್ತು. ಅಲ್ಲಿ ಕೆಲಸ ಮಾಡಿದ್ದು ಬಾಟಲಿಯ ತೀಕ್ಷ್ಣತೆಯಲ್ಲ, ಅದರ ಹಿಂದಿನ ವರ್ಷಗಳ ಅಭ್ಯಾಸ.

ಬತ್ತಿಗೆ ಲೇಪಿಸುವ ವಿಚಾರದಲ್ಲಿಯೂ ಒಂದು ಎಚ್ಚರಿಕೆ ಸೇರಿಸುತ್ತೇನೆ. ಸಾರತೈಲ ಹೊತ್ತಿ ಉರಿಯುವ ವಸ್ತು. ಬತ್ತಿಯ ಮೈಗೆ ಬೆರಳತುದಿಯಷ್ಟು ತೆಳುವಾಗಿ ಸವರಿ, ತಲೆಯ ಬಳಿ ಎರಡು ಅಂಗುಲ ಹಾಗೆಯೇ ಬಿಡಿ, ಕೈ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ಬೆಂಕಿಕಡ್ಡಿ ಗೀರಿ. ಬರಮಾಡಿಕೊಳ್ಳುವ ಸಂಕಲ್ಪಕ್ಕೆ ತನ್ನ ಕಡೆಗೆ ಸವರುವುದು, ಬಿಡುಗಡೆಯ ಸಂಕಲ್ಪಕ್ಕೆ ಹೊರಗಡೆಗೆ ಸವರುವುದು ಹಲವರ ರೂಢಿ. ನಾನು ಹಾಗೆಯೇ ಮಾಡುತ್ತೇನೆ.

ಅಂತರ್ದೀಪ

ಆರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಚರ್ಮತಜ್ಞರು ಪರೀಕ್ಷೆ ಮಾಡಿ, ದಾಲ್ಚಿನ್ನಿಗೆ ಅಲರ್ಜಿ ಬೆಳೆದಿದೆಯೆಂದು ದೃಢಪಡಿಸಿದರು. ಅಂದು ರಾತ್ರಿ ಬಹಳ ಅತ್ತೆ. ನಾನು ಬಯಸಿದ ತೈಲವನ್ನು ಇನ್ನೆಂದೂ ಹಚ್ಚಿಕೊಳ್ಳುವಂತಿಲ್ಲ.

ಎರಡು ವಾರ ಏನನ್ನೂ ಮಾಡದೆ ಬರಿದೇ ಕುಳಿತೆ. ಆಮೇಲೆ ಶಿಲಾಲೇಖ ಅವರು ಹೇಳಿದ ಬೈಬಲಿನ ಅಧ್ಯಾಯದ ಪಾಕದಿಂದ ಚಕ್ಕೆಗಳನ್ನು ಬಿಟ್ಟು, ರಕ್ತಬೋಳವೊಂದನ್ನೇ ಆಲಿವ್ ಎಣ್ಣೆಯಲ್ಲಿ ಏಳು ದಿನ ಬೇರುಚಕ್ಕೆ ಅವರು ಹೇಳಿದಂತೆ ಕಾಯಿಸಿದೆ. ಕಾಯಿಸುವ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ನನ್ನ ಸಂಕಲ್ಪವನ್ನು ಗಟ್ಟಿಯಾಗಿ ಓದಿಕೊಂಡೆ. ಇದು ಶಿಲಾಲೇಖ ಅವರ ಕೊಡುಗೆ. ಎಣ್ಣೆ ನಸುಗೆಂಪಾಗಿ ಬಂದಿದೆ. ಮೊಳಕೈಯ ಒಳಭಾಗದಲ್ಲಿ ಒಂದು ಹನಿ ಹಚ್ಚಿ ಎರಡು ದಿನ ಕಾದೆ, ಏನೂ ಆಗಲಿಲ್ಲ. ಮೂರನೆಯ ಸಂಜೆ ಹಣೆಗೆ ಹಚ್ಚಿಕೊಂಡೆ. ಪರಿಮಳ ಎಷ್ಟು ಮೃದುವಾಗಿತ್ತೆಂದರೆ ಅದನ್ನು ಕೇಳಿಸಿಕೊಳ್ಳಲು ನಾನೇ ನಿಶ್ಚಲವಾಗಬೇಕಾಯಿತು.

ಹಳೆಯ ಬಾಟಲಿಯನ್ನು ಏನು ಮಾಡಲಿ? ಅದರಲ್ಲಿ ಇನ್ನೂ ಮುಕ್ಕಾಲು ಭಾಗ ಉಳಿದಿದೆ. ಎಸೆಯಲು ಮನಸ್ಸಾಗುತ್ತಿಲ್ಲ.

ಬೇರುಚಕ್ಕೆ

ಚರಂಡಿಗೆ ಸುರಿಯಬೇಡಿ, ಹರಿಯುವ ನೀರಿಗೂ ಬಿಡಬೇಡಿ. ಅರ್ಪಣೆಯೆಂಬ ಭಾವದಿಂದ ಹಾಗೆ ಮಾಡುವವರಿದ್ದಾರೆ, ಆದರೆ ಸಾರತೈಲಗಳು ಜಲಚರಗಳಿಗೆ ವಿಷ. ಅಪಾಯಕಾರಿ ಮನೆತ್ಯಾಜ್ಯವನ್ನು ಪ್ರತ್ಯೇಕವಾಗಿ ಸ್ವೀಕರಿಸುವ ವ್ಯವಸ್ಥೆಗೆ ಒಪ್ಪಿಸುವುದು ಸರಿಯಾದ ಮಾರ್ಗ. ನಿಮಗೆ ಅಲರ್ಜಿ ದೃಢಪಟ್ಟಿರುವುದರಿಂದ ಆ ಬಾಟಲಿಯನ್ನು ನೀವೇ ತೆರೆಯದೆ, ಬೇರೆಯವರಿಂದ ಮುಚ್ಚಳ ಬಿಗಿ ಮಾಡಿಸಿ, ದಪ್ಪ ಚೀಲದಲ್ಲಿ ಸುತ್ತಿ ಇಡಿ.

ಇರುಳುಹಾದಿ

ನಿಮ್ಮ ಒಪ್ಪಿಗೆಯಿದ್ದರೆ, ಒಪ್ಪಿಸುವ ಮುನ್ನ ಬಳಗದ ಯಾರಾದರೊಬ್ಬರು ಅದರ ಒಂದು ಹನಿಯನ್ನು ನಿಮ್ಮ ಮೊದಲ ಸಂಕಲ್ಪ ಬರೆದ ಕಾಗದದ ಮೂಲೆಗೆ ತಾಗಿಸಿ, ಗಾಜಿನ ಸೀಸೆಯೊಳಗೆ ಹಾಕಿ ಮೊಹರು ಮಾಡಿ ಕೊಡಲಿ. ಅದನ್ನು ತೆರೆಯುವ ಅಗತ್ಯವಿಲ್ಲ, ಸಾಧನೆಯ ಪೀಠದ ಕೆಳಗೆ ಇದ್ದರೆ ಸಾಕು. ಹೊರಗಡೆ ಚೀಟಿಯೊಂದನ್ನು ಅಂಟಿಸಿ, ಒಳಗೆ ಏನಿದೆ, ಯಾವ ದಿನ ಮಾಡಿದ್ದು ಎಂದು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ "ಚರ್ಮಕ್ಕೆ ಹಚ್ಚಬಾರದು" ಎಂದು ಸೇರಿಸಿ.